ಮೊದಲ ಕೊಡ

ದಾವಣಗೆರೆಯ ನಮ್ಮ ಅಡುಗೆಮನೆಯಲ್ಲಿ ನೀರಿನ ಕ್ಯಾನ್ ಬೋರಲು ಹಾಕಿದಾಗಲೆಲ್ಲ ಗುಳುಗುಳು ಸದ್ದಾಗುತ್ತದೆ. ನನ್ನ ಕೈ ಒಂದು ಗಳಿಗೆ ನಿಂತುಬಿಡುತ್ತದೆ. ಹರಿಹರದ ಹೊಳೆಯ ಮರಳಿನಲ್ಲಿ ಅವ್ವ ತೆಂಗಿನ ಚಿಪ್ಪಿನಿಂದ ಮೊಗೆಮೊಗೆದು ಕೊಡಕ್ಕೆ ನೀರು ಸುರಿಯುವಾಗ ಕೇಳುತ್ತಿದ್ದದ್ದೂ ಇಂಥದೇ ಸದ್ದು. ಇಷ್ಟು ಅವಸರದ್ದಲ್ಲ, ಅಷ್ಟೆ.

ಬೇಸಿಗೆಯಲ್ಲಿ ತುಂಗಭದ್ರೆ ಆಚೆ ದಡಕ್ಕೆ ಸರಿದು ತೆಳ್ಳಗಾದಳೆಂದರೆ ನಮ್ಮ ಓಣಿಯ ಹೆಂಗಸರು ಈಚೆಯ ಮರಳಿನಲ್ಲಿ ಒರತೆ ತೋಡುತ್ತಿದ್ದರು. ಕೆದಕುತ್ತ ಹೋದಂತೆ ಮರಳು ತಣ್ಣಗಾಗಿ, ಕಪ್ಪಾಗಿ, ಸುತ್ತಲಿಂದ ನೀರು ಸದ್ದಿಲ್ಲದೆ ಬಂದು ಕೂಡುತ್ತಿತ್ತು. ಕಲಕಿದ್ದನ್ನು ಚೆಲ್ಲಿ, ತಿಳಿ ಬರುವವರೆಗೆ ಕುಕ್ಕುರುಗಾಲಲ್ಲಿ ಕಾಯಬೇಕು. ಅಲ್ಲೊಂದು ರೂಢಿಯಿತ್ತು. ಒರತೆ ತೋಡಿದವಳು ಮೊದಲ ಕೊಡವನ್ನು ತನಗೆ ತುಂಬಿಕೊಳ್ಳುವಂತಿಲ್ಲ. ಪಕ್ಕದಲ್ಲಿ ಕೂತವಳಿಗೆ ತುಂಬಿಕೊಡಬೇಕು. ಇಲ್ಲದಿದ್ದರೆ ಒರತೆ ಬತ್ತುತ್ತದೆಂದು ನಂಬಿದ್ದರು.

ಪಕ್ಕದ ಮನೆಯ ಮಾಬೂಬಿಯನ್ನು ನಾವು ಮಕ್ಕಳು ಖಾಲಾ ಎನ್ನುತ್ತಿದ್ದೆವು. ಅವರ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಅವ್ವನಿಗೂ ಖಾಲಾಗೂ ಎಷ್ಟು ಗೆಳೆತನವೋ ಅಷ್ಟೇ ಜಗಳ. ಒಮ್ಮೆ ಅವರ ಕೋಳಿಗಳು ನಮ್ಮ ಸಂಡಿಗೆ ಕೆದರಿ ತಿಂದವೆಂದು ಮಾತು ಬಿಟ್ಟರು. ಆದರೆ ನೀರು ಬಿಟ್ಟಿರಲಾದೀತೆ? ಅವ್ವ ಒರತೆ ತೋಡಿದಳು. ಖಾಲಾ ಮುಖ ತಿರುಗಿಸಿಕೊಂಡೇ ಪಕ್ಕ ಬಂದು ಕೂತರು. ತಿಳಿ ಬಂದದ್ದೇ ಅವ್ವ ಅವರ ಕೊಡವನ್ನು ಎಳೆದುಕೊಂಡಳು.

"ಇದು ನಿನಗಲ್ಲ, ನಿನ್ನ ಕೋಳಿಗೆ."

"ಹೌದು ಗೌರಕ್ಕ, ನಿನ್ನ ಸಂಡಿಗ್ಯಾಗ ಅಷ್ಟು ಉಪ್ಪು ಐತೆ! ಪಾಪ, ಮುಂಜಾನಿಂದ ನೀರು ಕುಡೀತಾನೇ ಅದಾವೆ," ಎಂದರು ಖಾಲಾ.

ಇಬ್ಬರೂ ನಕ್ಕುಬಿಟ್ಟರು. ಕಾನ್ವೆಂಟಿನಲ್ಲಿ ನಾವು ಮಕ್ಕಳು ಜಗಳವಾಡಿದರೆ ಸಿಸ್ಟರ್ ನಮ್ಮ ಕೈ ಕುಲುಕಿಸಿ ಸಾರಿ ಹೇಳಿಸುತ್ತಿದ್ದರು. ಇವರಿಬ್ಬರ ಬಾಯಲ್ಲಿ ಅಂಥ ಮಾತನ್ನು ನಾನು ಎಂದೂ ಕೇಳಲಿಲ್ಲ. ನಿಮ್ಮೂರಲ್ಲೂ ಹೀಗೆ ಕೂತು ಕಾಯುವ ಜಾಗವೊಂದು ಇದ್ದಿರಬೇಕು.

ನಾನು ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ ಹೊಳೆಗೆ ಲಾರಿಗಳು ಇಳಿದವು. ಮರಳು ಊರೂರಲ್ಲಿ ಮನೆಗಳಾಗಿ ನಿಂತಿತು; ನಮ್ಮ ಈ ಮನೆಯ ಗೋಡೆಗೂ ಅಲ್ಲಿಂದಲೇ ಬಂದಿರಬೇಕು. ಓಣಿಗೆ ನಲ್ಲಿ ಬಂತು. ಅವ್ವನ ಸೊಂಟಕ್ಕೆ ಬಿಡುವು ಸಿಕ್ಕಿತೆಂದು ನಾನು ಸಂತೋಷಪಟ್ಟೆ. ಆಮೇಲೊಂದು ದಿನ ಬಚ್ಚಲ ನೀರು ಯಾರ ಕಡೆ ಹರಿಯಬೇಕೆಂಬುದಕ್ಕೆ ಇಬ್ಬರೂ ಮತ್ತೆ ಮಾತು ಬಿಟ್ಟರು. ಸಂಡಿಗೆಯ ಜಗಳಕ್ಕಿಂತ ದೊಡ್ಡದೇನಲ್ಲ. ಆದರೆ ಈಗ ಅವರವರ ನಲ್ಲಿ ಅವರವರ ಅಂಗಳದಲ್ಲಿತ್ತು. "ಆಕಿ ಬರ್ಲಿ, ನಾ ಬ್ಯಾಡ ಅಂದೀನಾ?" ಎನ್ನುತ್ತಲೇ ಅವ್ವ ಗೋಡೆಯಾಚೆ ಪಾತ್ರೆಯ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದಳು. ಹೀಗಿರುವಾಗ, ಮಗಳ ಮನೆಗೆಂದು ಭಾನುವಳ್ಳಿಗೆ ಹೋದ ಖಾಲಾ ಅಲ್ಲೇ ತೀರಿಕೊಂಡರು.

ಹೋದ ಬೇಸಿಗೆಯಲ್ಲಿ ಅವ್ವ ಹೊಳೆ ನೋಡಬೇಕೆಂದಳು. ಕರೆದುಕೊಂಡು ಹೋದೆ. ಮರಳಿದ್ದಲ್ಲಿ ಜಾಲಿ ಬೆಳೆದಿತ್ತು, ಒಣಗಿದ ಕೆಸರು ಬಿರಿದಿತ್ತು. ಅವ್ವ ಕುಕ್ಕುರುಗಾಲಲ್ಲಿ ಕೂತು ಬರಿಗೈಯಲ್ಲಿ ಕೆದಕಿದಳು. ಉಗುರಿಗೆ ಜೇಡಿಮಣ್ಣು ಮೆತ್ತಿತು.

"ಏಳವ್ವ, ಇಲ್ಲೆಲ್ಲಿ ನೀರು?" ಎಂದೆ.

"ನೀರು ಯಾರಿಗೆ ಬೇಕೈತೆ?" ಎಂದಳು. "ಕೊನೀ ಸಲ ಒರತೆ ತೋಡಿದ್ದು ಆಕಿ. ನನ್ನ ಕೊಡ ತುಂಬಿಸಿ ಕೊಟ್ಟಿದ್ಲು. ಮುಂದಿನ ಸರದಿ ನಂದಿತ್ತು."

ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಅವ್ವ ಕೂತಿದ್ದಳು.