ಮಂಟಪದಲ್ಲಿ ಕೂರಿಸಿದ ಮಧ್ಯಾಹ್ನ

ಸ್ವಲ್ಪ ತಾಳಿ, ಪೊಲೀಸರು ನಮ್ಮನ್ನು ಮದುವೆ ಮಂಟಪಕ್ಕೆ ಕರೆದೊಯ್ದು ಊಟ ಹಾಕಿಸಿದ ಕತೆ ಬರುತ್ತಿದೆ. ಅದಕ್ಕೆ ಮೊದಲು ಹುಣಸೆ ಮರಗಳ ವಿಷಯ ಹೇಳಿಬಿಡುತ್ತೇನೆ.

ನಾನು ತಮಿಳು ಸೀಮೆಯ ಪೀಳಮೇಡಿನ ಕಾಲೇಜೊಂದರಲ್ಲಿ ಕಾಮರ್ಸ್ ಓದುತ್ತೇನೆ. ಹವಾಮಾನದ ಹುಚ್ಚು ತಾನಾಗಿಯೇ ಹಿಡಿದದ್ದು, ಯಾರೂ ಕಲಿಸಿದ್ದಲ್ಲ. ಕನ್ನಡ ಅಕ್ಷರವನ್ನೂ ಹಾಗೆಯೇ ಫೋನ್ ನೋಡಿಕೊಂಡು ಕಲಿತೆ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಯಾರಿಗೂ ಬರುವುದಿಲ್ಲ. ಒಂದು ಅಗ್ಗದ ಥರ್ಮಾಮೀಟರ್ ಕೊಂಡು ಊರೆಲ್ಲ ಅಲೆದೆ. ಮೆಟ್ಟುಪಾಳ್ಯಂ ರಸ್ತೆಯ ಹುಣಸೆ ಮರದಡಿ ಒಂದು ಬಿಸಿ, ಪಕ್ಕದಲ್ಲೇ ಟಾರಿನ ಮೇಲೆ ಬೇರೆಯೇ ಬಿಸಿ. ಅದನ್ನು ನೋಡಿದವನಿಗೆ, ರಸ್ತೆ ಅಗಲ ಮಾಡಲು ಕಡಿಯಬೇಕೆಂದು ಆ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರ್ ಹಾಕಿದಾಗ ಸುಮ್ಮನಿರಲು ಆಗಲಿಲ್ಲ.

ನಾವು ಒಂದಷ್ಟು ಗೆಳೆಯರು ಮರದಡಿ, ಮರ ಉಳಿಸಿ ಎಂದು ಬರೆದ ರಟ್ಟು ಹಿಡಿದು ನಿಂತೆವು. ಘೋಷಣೆಯೂ ಕೂಗಲಿಲ್ಲ. ಅನುಮತಿಗೆ ಅರ್ಜಿ ಕೊಟ್ಟಿದ್ದೆವು, ಉತ್ತರ ಬಂದಿರಲಿಲ್ಲ. ಅನುಮತಿ ಇಲ್ಲ ಎಂದು ವ್ಯಾನಿಗೆ ಹತ್ತಿಸಿದರು. ನಮ್ಮ ಕಡೆ ಇದೊಂದು ರೂಢಿ: ಹೋರಾಟಕ್ಕೆ ಬಂದವರನ್ನು ಖಾಲಿ ಇರುವ ಕಲ್ಯಾಣ ಮಂಟಪದಲ್ಲಿ ಕೂರಿಸಿ, ಮಧ್ಯಾಹ್ನ ಊಟ ಕೊಟ್ಟು, ಸಂಜೆ ಬಿಟ್ಟುಬಿಡುತ್ತಾರೆ. ನಮಗೂ ಪೊಟ್ಟಣದಲ್ಲಿ ಚಿತ್ರಾನ್ನ ಬಂತು. ಯಾರದೋ ಮದುವೆಯ ಬಾಡಿದ ಮಲ್ಲಿಗೆ ಇನ್ನೂ ವೇದಿಕೆಯಲ್ಲಿತ್ತು. ಒಬ್ಬ ಗೆಳೆಯ ಹೋಗಿ ಮದುಮಗನ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಂಡ.

ಊಟವಾದ ಮೇಲೆ ಇನ್ಸ್‌ಪೆಕ್ಟರ್ ಕಾಗದ ತಂದರು. ಇನ್ನು ಯಾವ ಪ್ರತಿಭಟನೆಗೂ ಹೋಗುವುದಿಲ್ಲ ಎಂದು ಸಹಿ ಹಾಕಬೇಕು, ಇಲ್ಲವಾದರೆ ಕೇಸು. ಕೇಸಾದರೆ ಯಾವ ಕಂಪನಿ ಕೆಲಸ ಕೊಡುತ್ತದೆ? ಕ್ಯಾಂಪಸ್ ಇಂಟರ್ವ್ಯೂ ಹತ್ತಿರದಲ್ಲೇ ಇತ್ತು.

ಅಷ್ಟರಲ್ಲಿ ಅಮ್ಮನ ಫೋನ್. ನಮ್ಮಂಥ ಮನೆಯವರಿಗೆಲ್ಲ ಒಂದು ಅಭ್ಯಾಸ ಇದೆ. ಬಸ್ಸಿನಲ್ಲಿ, ಜವಳಿ ಅಂಗಡಿಯಲ್ಲಿ, ಎದುರಿಗಿರುವವರಿಗೆ ತಿಳಿಯಬಾರದ್ದನ್ನು ಥಟ್ಟನೆ ಕನ್ನಡಕ್ಕೆ ಹೊರಳಿ ಹೇಳುವುದು. ನಾನೂ ಇನ್ಸ್‌ಪೆಕ್ಟರ್ ಎದುರೇ ಶುರು ಮಾಡಿದೆ.

"ಅಮ್ಮಾ, ಅಪ್ಪಂಗೆ ಹೇಳ್ಬೇಡ. ಈ ಮೀಸೆ ಮಾಮ ಸುಮ್ನೆ ಹೆದರಿಸ್ತಾನೆ. ಇವ್ನ ಹೊಟ್ಟೆ ನೋಡಿದ್ರೆ ಸಂಜೆ ತಿಂಡಿ ಹೊತ್ತಿಗೆ ತಾನೇ ಬಿಟ್ಬುಡ್ತಾನೆ."

ಇನ್ಸ್‌ಪೆಕ್ಟರ್ ಮುಖ ಬದಲಾಯಿತು. ಬೇರೆ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಮಾತು ಏನೆಂದು ತಿಳಿಯಲಿಲ್ಲ. ತಮಿಳಲ್ಲ ಎಂದಷ್ಟೇ ತಿಳಿಯಿತು. ಕರ್ನಾಟಕದವನಾ, ಯಾರು ಕಳಿಸಿದರು ಎಂದು ಕೇಳತೊಡಗಿದರು. ಮುತ್ತಜ್ಜನ ಕಾಲದಿಂದ ಇಲ್ಲೇ ಇದ್ದೇವೆ ಎಂದರೂ ನಂಬಲಿಲ್ಲ. ಹೊರಗಿನವನು ಬಂದು ಹುಡುಗರನ್ನು ಎತ್ತಿಕಟ್ಟಿದ್ದಾನೆ ಎಂದು ಬರೆಯಲು ಪೆನ್ನು ತೆಗೆದರು. ಹಾಗೆ ಬರೆದರೆ ಸಂಜೆಯ ಬಿಡುಗಡೆ ಇಲ್ಲ, ನನ್ನೊಬ್ಬನಿಂದ ಎಲ್ಲರೂ ಸಿಕ್ಕಿಬೀಳುತ್ತಾರೆ.

ಬಾಗಿಲ ಬಳಿ ಕೂತಿದ್ದ ಮಹಿಳಾ ಪೇದೆ ಎದ್ದು ಬಂದರು. ತಮ್ಮದು ಮೆಟ್ಟುಪಾಳ್ಯದ ಹತ್ತಿರ ತರಕಾರಿ ಬೆಳೆಯುವ ಮನೆ, ಅಲ್ಲೂ ಇದೇ ಮಾತು, ಹುಡುಗ ಹೊರಗಿನವನಾದರೆ ತಾವೂ ಹೊರಗಿನವರೇ ತಾನೆ ಎಂದು ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಇನ್ಸ್‌ಪೆಕ್ಟರ್ ಅವರನ್ನೊಮ್ಮೆ ದಿಟ್ಟಿಸಿ, ಹಾಗಾದರೆ ಫೋನಿನಲ್ಲಿ ಇವನು ಏನಂದ ಎಂದು ಕೇಳಿದರು. ಸಾಯಂಕಾಲ ಮನೆಗೆ ಬರುತ್ತೇನೆ ಅಂದ ಸಾರ್, ಎಂದರು ಅವರು, ನಗದೆ.

ಪೆನ್ನು ಜೇಬಿಗೆ ಹೋಯಿತು. ನೀರು ಕೊಡುವ ನೆಪದಲ್ಲಿ ಅವರು ನನ್ನ ಪಕ್ಕ ಬಂದರು.

"ಮೀಸೆ ಮಾಮನಾ? ಬಾಯಿ ಭದ್ರ ತಂಬಿ. ನಮ್ಮವ್ರು ಎಲ್ಲಾ ಡಿಪಾರ್ಟ್‌ಮೆಂಟಲ್ಲೂ ಇದೀವಿ."

"ಅಕ್ಕಾ, ಈ ಕಾಗ್ದಕ್ಕೆ ಸೈನ್ ಹಾಕ್ಲೇಬೇಕಾ?"

"ಓದಿ ನೋಡು. ಬೇಡಾಂದ್ರೆ ಬೇಡಾನ್ನು, ಮರ್ಯಾದೆಯಾಗಿ."

ಹಾಗೆಯೇ ಹೇಳಿದೆ. ಅನುಮತಿ ಕೇಳಿಯೇ ನಿಲ್ಲುತ್ತೇವೆ, ನಿಲ್ಲುವುದೇ ಇಲ್ಲ ಎಂದು ಮಾತ್ರ ಬರೆದುಕೊಡಲು ಆಗುವುದಿಲ್ಲ ಸಾರ್ ಎಂದೆ. ನಮ್ಮಲ್ಲಿ ಇಬ್ಬರು ಸಹಿ ಹಾಕಿದರು. ಅವರ ಮನೆಯ ಕಷ್ಟ ಗೊತ್ತು, ತಪ್ಪೆನ್ನುವುದಿಲ್ಲ. ಉಳಿದವರು ಹಾಕಲಿಲ್ಲ. ಹೆಸರು, ವಿಳಾಸ ಬರೆದುಕೊಂಡು ಸಂಜೆ ಬಿಟ್ಟರು. ಕೇಸು ಇದೆಯೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ವಿಷಯ ತಿಳಿದ ಅಪ್ಪ ನಮ್ಮ ಮುಂದಿನ ಅರ್ಜಿಯ ತಮಿಳನ್ನು ತಾವೇ ಕೂತು ತಿದ್ದಿದರು. ಈ ಸಲ ಅನುಮತಿ ಬಂದಿದೆ: ಒಂದು ಗಂಟೆ, ಮೈಕ್ ಇಲ್ಲದೆ. ಸಹಿ ಹಾಕಿದ ಇಬ್ಬರೂ ದೂರದಿಂದ ನೋಡಲು ಬರುತ್ತಾರಂತೆ.

ಮರಕ್ಕೋ ಕೆರೆಗೋ ಎಂದು ನಿಂತು ನೀವೂ ಇಂಥ ಕಾಗದದ ಮುಂದೆ ಕೂತಿದ್ದರೆ, ಏನು ಹೇಳಿದಿರಿ? ಕೆಳಗೆ ಬರೆಯಿರಿ. ಕನ್ನಡ ಬರೆಯಲು ಬಾರದಿದ್ದರೆ ತಮಿಳಿನಲ್ಲೇ ಬರೆಯಿರಿ, ನಾನು ಓದುತ್ತೇನೆ.