ಸೀಮೆಸುಣ್ಣದ ಚುಕ್ಕೆ

ನಮ್ಮಕ್ಕನ ಹೆಬ್ಬೆರಳು ಸುಳ್ಳು ಹೇಳುವುದಿಲ್ಲ. ತಂಗಿ ಅಂತ ಹೊಗಳುತ್ತಿಲ್ಲ; ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಹನ್ನೊಂದು ವರ್ಷ ಪೆಟ್ಟಿಗೆ ಮುಚ್ಚಿದವಳಾಗಿ ಹೇಳುತ್ತಿದ್ದೇನೆ. ಅವಳು ದಾಟಿಸಿದ ಮಾಲು ವಾಪಸ್ ಬಂದದ್ದನ್ನು ನಾನು ಕಂಡಿಲ್ಲ.

ಅವಳದು ತಪಾಸಣೆಯ ಮೇಜು. ಎರಕದ ಭಾಗವನ್ನು ಎತ್ತಿಕೊಂಡು ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟಿ ಕಿವಿಗೊಡುವಳು. ಹೆಬ್ಬೆರಳನ್ನು ಅಂಚಿನ ಸುತ್ತ ಓಡಿಸುವಳು. ಸರಿಯಿದ್ದರೆ ಸೀಮೆಸುಣ್ಣದಿಂದ ಅಂಚಿನಲ್ಲೊಂದು ಚುಕ್ಕೆ. ಬಿರುಕಿದ್ದರೆ ಚುಕ್ಕೆಯಿಲ್ಲದೆ ಬುಟ್ಟಿಗೆ. ಚುಕ್ಕೆ ಇಡುವುದು ಯಾರೂ ಹೇಳಿಕೊಟ್ಟದ್ದಲ್ಲ, ಅವಳದೇ ಅಭ್ಯಾಸ. ಕೊನೆಗೆ ಪೆಟ್ಟಿಗೆಯ ಚೀಟಿಗೆ ಅವಳ ಸೀಲು ಬೀಳದೆ ಲಾರಿ ಹೊರಡುತ್ತಿರಲಿಲ್ಲ. ಆ ಸೀಲನ್ನು ಊಟಕ್ಕೆ ಹೋಗುವಾಗಲೂ ಜೊತೆಗೇ ಒಯ್ಯುತ್ತಿದ್ದಳು.

ಕಳೆದ ವರ್ಷ ರೋಬೋ ಕೈಗಳು ಬಂದವು. ಒಂದೇ ಸಾಲಿನಲ್ಲಿ ಬೆಳಿಗ್ಗೆ ಪಂಪಿನ ಕವಚ, ಮಧ್ಯಾಹ್ನ ವಾಲ್ವಿನ ಮುಚ್ಚಳ, ಮರುದಿನ ಇನ್ನೇನೋ. ಮಾಲು ಬದಲಾದಂತೆ ರೋಬೋ ತನ್ನ ಹಿಡಿತವನ್ನು ತಾನೇ ಬದಲಾಯಿಸಿಕೊಳ್ಳುತ್ತಿತ್ತು. ನಾವೂ ಬಾಯಿ ಬಿಟ್ಟುಕೊಂಡು ನೋಡಿದೆವು, ಸುಳ್ಳೇಕೆ. ಅಕ್ಕನ ಮೇಜಿನ ಮೇಲೊಂದು ಕ್ಯಾಮೆರಾ ತೂಗುಹಾಕಿದರು. ಅವಳು ಸೈ ಅಂದದ್ದು, ಬೇಡ ಅಂದದ್ದು ಎಲ್ಲದರ ಫೋಟೋ ತೆಗೆಯುತ್ತ ಆರು ತಿಂಗಳಲ್ಲಿ ಅದು ಕೆಲಸ ಕಲಿಯಿತಂತೆ. ಒಂದು ಸೋಮವಾರ ಕನ್ನಡಕದ ಇಂಜಿನಿಯರು ಬಂದು ಅಕ್ಕನ ಸೀಲು ವಾಪಸ್ ಪಡೆದ. ಅವಳನ್ನು ನನ್ನ ಪಕ್ಕ ಪೆಟ್ಟಿಗೆ ಮಡಚಲು ಕೂರಿಸಿದರು.

ಅವತ್ತೇ ಶುರುವಾಯಿತು ರಂಪ. ಕ್ಯಾಮೆರಾ ನೋಡಿದ್ದಕ್ಕೆಲ್ಲ ಕೆಂಪು ದೀಪ. ರೋಬೋ ಒಂದೊಂದನ್ನೇ ತಿರಸ್ಕಾರದ ತೊಟ್ಟಿಗೆ ಎಸೆಯಿತು. ಮಧ್ಯಾಹ್ನಕ್ಕೆ ತೊಟ್ಟಿ ತುಂಬಿ ತುಳುಕಿತು.

"ಕ್ಯಾಮೆರಾ ಕಣ್ಣು ತುಂಬಾ ಸೂಕ್ಷ್ಮ ಸಾರ್," ಅಂದ ಇಂಜಿನಿಯರು. "ಇಷ್ಟು ವರ್ಷ ಈಯಮ್ಮ ಏನೇನು ದಾಟಿಸಿದಾರೋ!"

ಮ್ಯಾನೇಜರು ತಲೆಯಾಡಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕನ ಮುಖ ಬಿಳಿಚಿಕೊಂಡಿತು. ಕುರ್ಚಿ ಹೋದದ್ದಕ್ಕಿಂತ, ಹತ್ತೊಂಬತ್ತು ವರ್ಷದ ಕೆಲಸಕ್ಕೆ ಮಸಿ ಬಳಿದದ್ದು ಅವಳನ್ನು ಸುಟ್ಟಿತು.

ಊಟ ಬಿಟ್ಟು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ತಟ್ಟಿ ನೋಡಿದಳು. ಹೆಚ್ಚುಕಡಿಮೆ ಎಲ್ಲವೂ ಚೆನ್ನಾಗಿದ್ದವು. ಕೊನೆಗೆ ಅವಳಿಗೆ ಹೊಳೆಯಿತು.

"ಸಾರ್, ಇವುಗಳ ಮೇಲೆ ಚುಕ್ಕೆ ಇಲ್ಲ. ಅದಕ್ಕೇ ಬೇಡ ಅಂತಿದೆ."

"ಅಮ್ಮಾ, ಇದು ಲಕ್ಷಗಟ್ಟಲೆ ಫೋಟೋ ಅರೆದು ಕುಡಿದಿದೆ," ಇಂಜಿನಿಯರು ನಕ್ಕ. "ನಿಮ್ಮ ಸುಣ್ಣಾನ ಯಾಕೆ ನೋಡುತ್ತೆ?"

ಮೂರು ದಿನ ಹೇಳಿದಳು. ಗೋಡೆಗೆ ಹೇಳಿದ್ದರೆ ಅದಾದರೂ ಪ್ರತಿಧ್ವನಿಸುತ್ತಿತ್ತು.

ಗುರುವಾರ ಅಕ್ಕ ಕೇಳುವುದನ್ನೇ ಬಿಟ್ಟಳು. ಬೆರಳಗಲ ಬಿರುಕು ಬಿಟ್ಟಿದ್ದ ಮುಚ್ಚಳವೊಂದನ್ನು ಹೆಕ್ಕಿ, ಚುಕ್ಕೆ ಇಟ್ಟು, ಮ್ಯಾನೇಜರ ಎದುರೇ ಕ್ಯಾಮೆರಾದ ಕೆಳಗಿಟ್ಟಳು. ಹಸಿರು ದೀಪ! ರೋಬೋ ಅದನ್ನು ಮಗುವಿನಂತೆ ಎತ್ತಿ ಒಳ್ಳೆ ಮಾಲಿನ ಜೊತೆ ಮಲಗಿಸಿತು. ಚುಕ್ಕೆಯಿಲ್ಲದ ಒಳ್ಳೆ ಮುಚ್ಚಳ ಇಟ್ಟಳು. ಕೆಂಪು. ಹೊತ್ತಿಗೊಂದು ಮಾಲು ಬದಲಾಗುತ್ತಿದ್ದ ಸಾಲಿನಲ್ಲಿ ಬದಲಾಗದೆ ಇದ್ದದ್ದು ಅಕ್ಕನ ಚುಕ್ಕೆ ಒಂದೇ. ಯಂತ್ರ ಅದನ್ನೇ ಕಲಿತಿತ್ತು, ಪಾಪ. ಇಂಜಿನಿಯರು ಕನ್ನಡಕ ತೆಗೆದು ಒರೆಸಿದ್ದೇ ಒರೆಸಿದ್ದು.

"ಇದನ್ನ ಮತ್ತೆ ಕಲಿಸೋಕೆ ಆರು ತಿಂಗಳು ಬೇಕು ಸಾರ್," ಅಂದ.

ಮ್ಯಾನೇಜರು ಗಡಿಯಾರ ನೋಡಿದರು. "ಅಲ್ಲೀವರೆಗೆ ಕಾಯೋಕಾಗಲ್ಲ. ನಾಳೆಯಿಂದ ನೀವು ಮೊದಲಿನ ಹಾಗೇ ತಟ್ಟಿ, ನೋಡಿ, ಚುಕ್ಕೆ ಹಾಕಿ. ಆಮೇಲೆ ಕ್ಯಾಮೆರಾ ನೋಡ್ಲಿ."

"ಸೀಲು ಕೊಡಿ ಸಾರ್."

"ಸೀಲು ಯಾಕಮ್ಮ? ಪಾಸ್ ಮಾಡೋದು ಕ್ಯಾಮೆರಾ ಅಲ್ವಾ?"

ನಾನು ಏನೋ ಅನ್ನಲು ಹೋದೆ. ಅಕ್ಕ ನನ್ನ ಮೊಣಕೈ ಹಿಡಿದು ಸುಮ್ಮನಿರಿಸಿದಳು.

ಶುಕ್ರವಾರ ಅವಳು ತನ್ನ ಮೇಜಿಗೆ ಮರಳಿದಳು. ತಟ್ಟಿದಳು, ಸವರಿದಳು, ಚುಕ್ಕೆ ಇಟ್ಟಳು. ಸಾಲಿನುದ್ದಕ್ಕೂ ಹಸಿರು ದೀಪ. ಸಂಜೆ ಮೊದಲ ಪೆಟ್ಟಿಗೆ ಮುಚ್ಚುವಾಗ ಬಂದು ನನ್ನ ಪಕ್ಕ ನಿಂತಳು. ಬೆರಳೆಲ್ಲ ಬೆಳ್ಳಗಾಗಿತ್ತು.

"ಹೊಸ ಚೀಟೀಲಿ ಏನು ಬರೆದಿದಾರೆ, ಓದೇ."

"'ಮಾನವ ಸ್ಪರ್ಶವಿಲ್ಲದೆ ಯಂತ್ರದಿಂದಲೇ ಪರೀಕ್ಷಿಸಲಾಗಿದೆ.'"

ಅಕ್ಕ ಬೆರಳ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು.

"ಅಂಟಿಸು," ಅಂದಳು. "ಲಾರಿ ಕಾಯ್ತಿದೆ."