ಬೀಗದಕ್ಕನ ಶನಿವಾರದ ಲಕೋಟೆ

ನಮ್ಮ ಶಾಲೆಯ ಗುಮಾಸ್ತೆಯನ್ನು ಉಪಾಧ್ಯಾಯರೆಲ್ಲ ಬೀಗದಕ್ಕ ಎಂದು ಕರೆಯುತ್ತಿದ್ದೆವು. ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡದೆ ಆಕೆ ಹೊಸ್ತಿಲು ದಾಟಿದವಳಲ್ಲ. ಕಚೇರಿಗೆ ಕಂಪ್ಯೂಟರ್ ಬಂದಮೇಲೂ ಅದೇ ಬುದ್ಧಿ. ಪ್ರತಿ ಶನಿವಾರ ಸಂಜೆ ಅದರಲ್ಲಿದ್ದುದನ್ನೆಲ್ಲ ಸೋಪಿನ ಡಬ್ಬಿಯಷ್ಟಿದ್ದ ಒಂದು ಡ್ರೈವಿಗೆ ನಕಲು ಮಾಡುವಳು. ಅಷ್ಟಕ್ಕೆ ಸಮಾಧಾನವಿಲ್ಲ, ಯಂತ್ರವನ್ನು ಆರಿಸಿ, ಆ ಡ್ರೈವಿನಿಂದಲೇ ಮತ್ತೆ ಚಾಲೂ ಮಾಡಿ, ಎಲ್ಲವೂ ತೆರೆಯುತ್ತದೆಯೇ ಎಂದು ನೋಡುವಳು. ಆಮೇಲೆ ಲಕೋಟೆಯಲ್ಲಿಟ್ಟು ಅಂಟಿಸಿ, ತಾರೀಖು ಬರೆದು ಮುಖ್ಯೋಪಾಧ್ಯಾಯಿನಿಯವರ ಕೈಗೆ ಕೊಡುವಳು. ಅದರಲ್ಲೇನಿದೆ ಎಂದು ಕೇಳದೆ ಅವರು ಕಬ್ಬಿಣದ ಬೀರುವಿನಲ್ಲಿಡುವರು. ಹೀಗೆ ಹನ್ನೊಂದು ವರ್ಷ.

ಹೊಸದಾಗಿ ಬಂದ ಉಪಮುಖ್ಯೋಪಾಧ್ಯಾಯರಿಗೆ ಆಕೆಯ ಕುರ್ಚಿಯ ಮೇಲೆ ಕಣ್ಣು. ತಮ್ಮ ಭಾವಮೈದುನನನ್ನು ಅಲ್ಲಿ ಕೂರಿಸಬೇಕಾಗಿತ್ತು.

"ಏಯ್ ಗುಮಾಸ್ತೆ, ಮೊಮ್ಮಕ್ಕಳನ್ನ ಆಡಿಸ್ಕೊಂಡಿರೋ ವಯಸ್ಸಲ್ಲಿ ಇಲ್ಲೇನು ಮಾಡ್ತಿದ್ದೀಯ?" ಎಂದು ಎಲ್ಲರೆದುರಿಗೆ ಕೇಳುವರು. ಮಕ್ಕಳಿಲ್ಲದ ಆಕೆ ತಲೆ ಬಗ್ಗಿಸಿ ಕೆಲಸ ಮುಂದುವರಿಸುವಳು.

ಒಂದು ಮಂಗಳವಾರ ಕಂಪ್ಯೂಟರ್ ಚಾಲೂ ಆಗಲಿಲ್ಲ. ಮೂವತ್ತು ವರ್ಷದ ವಿದ್ಯಾರ್ಥಿಗಳ ದಾಖಲೆಯೆಲ್ಲ ಅಳಿಸಿಹೋಗಿತ್ತು. ಬೆಳಿಗ್ಗೆ ಹತ್ತು ಗಂಟೆಯೊಳಗೇ ಉಪಮುಖ್ಯರು ಸಹಿ ಮಾಡಿದ ದೂರು ಬಂತು: ಸೋಮವಾರ ಸಂಜೆ ಗುಮಾಸ್ತೆ ನಿರ್ಲಕ್ಷ್ಯದಿಂದ ಎಲ್ಲವನ್ನೂ ಅಳಿಸಿದ್ದಾಳೆ, ಆಕೆಯನ್ನು ಕೆಲಸದಿಂದ ತೆಗೆಯಬೇಕು. ಹಾಸಿಗೆ ಹಿಡಿದ ಅತ್ತೆಯನ್ನು ಸಾಕುತ್ತಿದ್ದ ಆಕೆಗೆ ಆ ಕೆಲಸವೊಂದೇ ಆಧಾರ.

ಗುರುವಾರ ವಿಚಾರಣೆ. ಉಪಾಧ್ಯಾಯರ ಪರವಾಗಿ ನಾನೂ ಕೂತಿದ್ದೆ. ಆಕೆ ಅಳಲಿಲ್ಲ.

"ಬೀರುವಿನಲ್ಲಿರೋ ಶನಿವಾರದ ಲಕೋಟೆ ತೆಗೀರಿ ಮೇಡಂ," ಎಂದಳು.

ಅಂಟು ಹಾಕಿದ್ದು ಹಾಗೆಯೇ ಇತ್ತು. ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಒಂದು ಕೀಲಿಯನ್ನು ಒತ್ತಿ ಹಿಡಿದಳು. ಯಾವುದರಿಂದ ಚಾಲೂ ಆಗಲಿ ಎಂದು ಪರದೆ ಕೇಳಿತು. ಹೊರಗಿನ ಡ್ರೈವು ಎಂದಿದ್ದ ಸಾಲಿಗೆ ಬಂದು ಕೀಲಿ ಒತ್ತಿದಳು.

"ಹೊರಗಿನಿಂದ ಏಳ್ಬೇಕಲ್ಲ, ನಿಧಾನ. ಕೂತ್ಕೊಳ್ಳಿ ಸಾರ್," ಎಂದು ಉಪಮುಖ್ಯರಿಗೆ ಹೇಳಿದಳು.

ಪರದೆಯ ಮೇಲೆ ಬಿಳಿ ಗೆರೆಯೊಂದು ಇರುವೆಯಂತೆ ತೆವಳತೊಡಗಿತು. ಉಪಮುಖ್ಯರು ನಕ್ಕರು. "ದಾಖಲೆ ಸಿಕ್ಕಿದ್ರೆ ಒಳ್ಳೇದೇ. ಆದ್ರೂ ಅಳಿಸಿದ ತಪ್ಪು ತಪ್ಪೇ ತಾನೆ?"

"ದಾಖಲೆ ಮಾತ್ರ ಅಲ್ಲ ಸಾರ್. ಶನಿವಾರ ಸಂಜೆ ಇದರಲ್ಲಿ ಏನೇನಿತ್ತೋ ಅಷ್ಟೂ ಬರುತ್ತೆ. ಮಧ್ಯಾಹ್ನ ನೀವು ಕೂತು ಟೈಪ್ ಮಾಡಿದ್ದೂ ಬರುತ್ತೆ."

ನಗು ಅರ್ಧಕ್ಕೇ ನಿಂತಿತು. ಅವರು ಕುರ್ಚಿಯನ್ನು ಹತ್ತಿರಕ್ಕೆಳೆದು ಪಿಸುಗುಟ್ಟಿದರು. "ಅಕ್ಕಾ, ಹೊರಗೆ ಬಾ, ಮಾತಾಡೋಣ."

"ಮೊನ್ನೆವರೆಗೂ ಏಯ್ ಆಗಿದ್ದೆ. ಇವತ್ತು ಅಕ್ಕ ಆದ್ನಾ?" ಆಕೆ ದನಿ ತಗ್ಗಿಸಲಿಲ್ಲ.

ಪರದೆ ಬೆಳಗಿತು. ಆಕೆ ಒಂದು ಪತ್ರವನ್ನು ತೆರೆದು ಪಕ್ಕಕ್ಕೆ ಸರಿದಳು. "ಕನ್ನಡಕ ಮನೇಲಿ ಮರ್ತು ಬಂದೆ. ನೀವೇ ಗಟ್ಟಿಯಾಗಿ ಓದಿ ಸಾರ್. ಬರೆದವರು ಓದಿದ್ರೇ ಚೆಂದ."

ಕನ್ನಡಕ ಆಕೆಯ ಮೂಗಿನ ಮೇಲೆಯೇ ಇತ್ತು.

ಅವರು ಓದಿದರು. ಅದೇ ದೂರು. ಸೋಮವಾರ ಸಂಜೆ ಗುಮಾಸ್ತೆ ಎಲ್ಲವನ್ನೂ ಅಳಿಸಿದ್ದಾಳೆ.

"ಬರೆದಿಟ್ಟ ದಿನಾನೂ ಓದಿ."

"ಶನಿವಾರ. ಎರಡು ನಲವತ್ತು."

ಮುಖ್ಯೋಪಾಧ್ಯಾಯಿನಿಯವರು ಮಂಗಳವಾರ ಬಂದಿದ್ದ ದೂರನ್ನು ಪರದೆಯ ಪಕ್ಕಕ್ಕೆ ಹಿಡಿದು ನೋಡಿದರು. ಒಂದಕ್ಷರವೂ ಬೇರೆಯಿರಲಿಲ್ಲ. ಮರ್ಯಾದೆಯಿಂದ ರಾಜೀನಾಮೆಯನ್ನು ಮನೆಯಿಂದ ಕಳುಹಿಸಿಬಿಡಿ ಎಂದು ಅವರು ಹೇಳುತ್ತಿದ್ದಂತೆಯೇ ಬೀಗದಕ್ಕ ತನ್ನ ಕುರ್ಚಿಯನ್ನು ಎಳೆದು ಉಪಮುಖ್ಯರಿಗೆ ಹಾಕಿದಳು.

"ಇಲ್ಲೇ ಬರೀಲಿ ಮೇಡಂ. ಟೈಪಿಂಗ್ ಚೆನ್ನಾಗಿದೆ."

ಉಪಮುಖ್ಯರು ಕೂತು ಬರೆದು ಮುಗಿಸುವವರೆಗೂ ಆಕೆ ಬೆನ್ನ ಹಿಂದೆಯೇ ನಿಂತು ತಪ್ಪುಗಳನ್ನು ತಿದ್ದಿಸಿದಳು.

ಸಂಜೆ ಗೇಟಿನವರೆಗೆ ಆಕೆಯ ಜೊತೆ ನಡೆದೆ. "ಆ ಪತ್ರ ಯಾವಾಗ ನೋಡಿದ್ರಿ?"

"ಶನಿವಾರವೇ. ಡ್ರೈವು ಪರೀಕ್ಷೆ ಮಾಡುವಾಗ ಕಣ್ಣಿಗೆ ಬಿತ್ತು."

"ಹಾಗಿದ್ರೆ ಸೋಮವಾರವೇ ತಡೀಬಹುದಿತ್ತಲ್ಲ?"

"ತಡೆದಿದ್ರೆ ತಮಾಷೆಗೆ ಬರೆದೆ ಅಂತ ನಕ್ಕುಬಿಡ್ತಿದ್ರು ಮೇಷ್ಟ್ರೇ. ಸೋಮವಾರ ಅರ್ಧ ಗಂಟೆ ಮೊದಲೇ ಎದ್ದುಹೋದೆ, ಅವರಿಗೆ ಅನುಕೂಲ ಆಗ್ಲಿ ಅಂತ."